ಬೈಸಿಕಲ್ ಟ್ಯೂಬಿನ ಆಯುಷ್ಯ: ಉಪಯೋಗದಲ್ಲಿ ಮತ್ತು ಸಂಗ್ರಹದಲ್ಲಿ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿಯಲ್ಲಿ ಹಳೆಯ ಮನೆತನಗಳ ಲೆಕ್ಕಪತ್ರಗಳನ್ನೂ ಕಂದಾಯದ ರಸೀತಿಗಳನ್ನೂ ಹುಡುಕುತ್ತ ತಿರುಗಿದಾಗ, ಒಂದು ಮನೆಯ ಅಟ್ಟದ ಮೇಲೆ ನಮಗೆ ಕಾಗದಗಳಿಗೆ ಬದಲಾಗಿ ಒಂದು ಬೈಸಿಕಲ್ಲು ದೊರೆಯಿತು. ಅದರ ಚೌಕಟ್ಟಿಗೆ ಮೇಲುಮೇಲೆ ತುಕ್ಕು ಹಿಡಿದಿದ್ದರೂ ಗಟ್ಟಿತನಕ್ಕೆ ಕುಂದಿರಲಿಲ್ಲ. ಹ್ಯಾಂಡಲಿನ ಕೆಳಗೆ ತಂತಿಯಿಂದ ಬಿಗಿದಿದ್ದ ಹಿತ್ತಾಳೆಯ ತೆರಿಗೆ ಬಿಲ್ಲೆಯನ್ನು ಹುಣಿಸೆಹಣ್ಣಿನಿಂದ ಉಜ್ಜಿದೊಡನೆ ಅದರ ಅಂಕೆಗಳು ಎದ್ದು ಕಂಡವು. ಆದರೆ ನಮ್ಮ ಕುತೂಹಲವನ್ನು ಕೆರಳಿಸಿದವು ಚೌಕಟ್ಟೂ ಅಲ್ಲ, ಬಿಲ್ಲೆಯೂ ಅಲ್ಲ; ಅದರ ರಬ್ಬರ್ ಟ್ಯೂಬುಗಳು. ಮುಂಗಾಲಿಯ ಟೈರಿನೊಳಗೆ ಇದ್ದ ಟ್ಯೂಬು ಅಲ್ಲಲ್ಲಿ ಅಂಟಂಟಾಗಿ, ಮೂರು ತೇಪೆಗಳನ್ನು ಹೊತ್ತು, ಹೇಗೋ ಒಂದಾಗಿಯೇ ಹೊರಬಂದಿತು. ಅದರ ಜೊತೆಗೆಂದು ಕೊಂಡು, ಒಮ್ಮೆಯೂ ಉಪಯೋಗಿಸದೆ, ತಗಡಿನ ಮಾಡಿನ ಕೆಳಗೆ ಮೊಳೆಗೆ ತೂಗುಹಾಕಿದ್ದ ಇನ್ನೊಂದು ಟ್ಯೂಬು ಮುಟ್ಟಿದೊಡನೆ ಹಪ್ಪಳದಂತೆ ಮುರಿಯಿತು.

ದುಡಿದದ್ದು ಉಳಿಯಿತು, ದುಡಿಯದೆ ವಿಶ್ರಮಿಸಿದ್ದು ಹಾಳಾಯಿತು. ಇದಕ್ಕೆ ಕಾರಣವೇನೆಂದು ಊರಿನ ಬೈಸಿಕಲ್ ರಿಪೇರಿಯ ಹಿರಿಯರೊಬ್ಬರನ್ನು ಕೇಳಿದೆವು. ಅವರು ಕೈಕೆಲಸ ಬಿಡದೆಯೇ, "ಓಡೋ ಟ್ಯೂಬು ಮುಳ್ಳಿಗೆ ಸಾಯ್ತದೆ ಮೇಷ್ಟ್ರೇ, ನಿಂತಿದ್ದು ತನ್ನಷ್ಟಕ್ಕೆ ತಾನೇ ಸಾಯ್ತದೆ" ಎಂದರು. ಈ ಮಾತನ್ನು ವಿಸ್ತರಿಸುವುದೇ ಪ್ರಕೃತ ಲೇಖನದ ಕೆಲಸವೆನ್ನಬಹುದು. ಇತಿಹಾಸದ ಅಧ್ಯಾಪಕರಾದ ನಮಗೆ ರಬ್ಬರಿನ ಗೊಡವೆ ಏಕೆಂದು ವಾಚಕರು ಕೇಳಿಯಾರು. ಗ್ರಾಮಾಂತರದಲ್ಲಿ ಬೈಸಿಕಲ್ಲಿನ ಪ್ರಸಾರವನ್ನು ಕುರಿತು ಬರೆಯುವವರು ತೆರಿಗೆಯ ಬಿಲ್ಲೆಗಳನ್ನು ಎಣಿಸುತ್ತಾರೆ, ಮಾರಾಟದ ಸಂಖ್ಯೆಗಳನ್ನು ಉದಾಹರಿಸುತ್ತಾರೆ. ಊರಿನಲ್ಲಿ ಎಷ್ಟು ಬೈಸಿಕಲ್ಲುಗಳಿದ್ದವು ಎಂಬುದು ಇವುಗಳಿಂದ ತಿಳಿಯುತ್ತದೆ. ಎಷ್ಟು ಓಡುತ್ತಿದ್ದವು ಎಂಬುದು ತಿಳಿಯುವುದಿಲ್ಲ. ಅದನ್ನು ನಿರ್ಧರಿಸುತ್ತಿದ್ದುದು ಉಕ್ಕಲ್ಲ, ಟ್ಯೂಬು. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟದಲ್ಲಿ ಈ ಸೀಮೆಯ ಕಲ್ಲುಗಳು ಎಂಟುನೂರು, ಸಾವಿರ ವರ್ಷಗಳ ಹಿಂದಿನ ಮಾತನ್ನು ಹೇಳುತ್ತವೆ. ಐವತ್ತು ವರ್ಷದ ಹಿಂದಿನ ರಬ್ಬರು ಏನನ್ನೂ ಹೇಳಲಾರದು. ಹೇಳುವ ಮೊದಲೇ ಅದು ಪುಡಿಯಾಗಿರುತ್ತದೆ.

ಮೊದಲು ಪದಾರ್ಥದ ಪರಿಚಯ ಅಗತ್ಯ. ರಬ್ಬರ್ ಮರದ ತೊಗಟೆಯನ್ನು ಗೀರಿದಾಗ ಒಸರುವ ಹಾಲಿಗೆ ಲೇಟೆಕ್ಸ್ ಎಂದು ಹೆಸರು. ಅದರಲ್ಲಿ ನೂರಕ್ಕೆ ಮೂವತ್ತರಿಂದ ನಲವತ್ತು ಪಾಲು ರಬ್ಬರು, ಉಳಿದದ್ದು ಬಹುಮಟ್ಟಿಗೆ ನೀರು. ನಮ್ಮ ಬಯಲುಸೀಮೆಯವರು ಈ ಮರವನ್ನು ನೋಡಬೇಕಾದರೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರುಗಳ ಕಡೆಗೆ ಹೋಗಬೇಕು. 1964ರ ಭಾರತ-ಸಿಲೋನ್ ಒಪ್ಪಂದದಂತೆ ಹಿಂದಿರುಗಿದ ತಮಿಳು ಕುಟುಂಬಗಳ ಜೀವನೋಪಾಯಕ್ಕೆಂದು ಸರ್ಕಾರ ಬೆಳೆಸಿದ ರಬ್ಬರ್ ತೋಟಗಳು ಅಲ್ಲಿವೆ. ಈ ಹಾಲಿನಿಂದ ಟ್ಯೂಬು ಮಾಡುವ ದಾರಿ ಎರಡು. ಒಂದು, ಹಾಲನ್ನು ಗಟ್ಟಿಗೊಳಿಸಿ, ಗಂಧಕ ಮೊದಲಾದವನ್ನು ಬೆರಸಿ, ಅದರಲ್ಲಿ ಅಚ್ಚನ್ನು ನೇರವಾಗಿ ಅದ್ದಿ ತೆಗೆದು ತೆಳುವಾದ ಪೊರೆಯನ್ನು ಪಡೆಯುವುದು. ಇದೇ ನಿಜವಾದ ಲೇಟೆಕ್ಸ್ ಟ್ಯೂಬು; ಪಂದ್ಯದ ಸವಾರರು ಆದರಿಸುವಂಥದು. ಇನ್ನೊಂದು, ಹಾಲನ್ನು ಹೆಪ್ಪುಗಟ್ಟಿಸಿ, ಒಣಗಿಸಿ, ಆ ರಬ್ಬರನ್ನು ಉರುಳೆಗಳ ನಡುವೆ ನಾದಿ, ಗಂಧಕ, ಮಸಿ, ಸುಣ್ಣದಪುಡಿಗಳನ್ನು ಸೇರಿಸಿ ಕೊಳವೆಯಾಗಿ ಹಿಂಡುವುದು. ನಮ್ಮ ಊರುಗಳ ಬೈಸಿಕಲ್ಲಿಗೆ ಬಹುಕಾಲ ಬಂದದ್ದು ಈ ಎರಡನೆಯ ಬಗೆಯದು. ನಾದುವಾಗ ರಬ್ಬರಿನ ಉದ್ದವಾದ ಅಣುಸರಪಣಿಗಳು ತುಂಡಾಗುತ್ತವೆ. ಅದ್ದಿದ ಪೊರೆಯಲ್ಲಿ ಅವು ಇಡಿಯಾಗಿ ಉಳಿಯುತ್ತವೆ. ಆದುದರಿಂದಲೇ ಲೇಟೆಕ್ಸ್ ಪೊರೆಗೆ ಹಿಗ್ಗುವ ಗುಣ ಹೆಚ್ಚು, ಮುಳ್ಳು ಒತ್ತಿದರೆ ತೂತಾಗುವ ಮೊದಲು ಬಳುಕುವ ಸಾಮರ್ಥ್ಯವೂ ಹೆಚ್ಚು. ಆದರೆ ಎರಡರ ಮೂಲದ್ರವ್ಯವೂ ಒಂದೇ. ಎರಡರ ಮರಣವೂ ಒಂದೇ ಬಗೆಯದು.

ಮೂರನೆಯದೊಂದು ಬೇರೆ ಜಾತಿಯದು. 1937ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ಪ್ರಯೋಗಶಾಲೆಯಲ್ಲಿ ಸ್ಪಾರ್ಕ್ಸ್ ಮತ್ತು ಥಾಮಸ್ ಎಂಬ ರಸಾಯನಜ್ಞರು ಕಂಡುಹಿಡಿದ ಬ್ಯೂಟೈಲ್ ರಬ್ಬರಿಗೂ ಮರಕ್ಕೂ ಸಂಬಂಧವಿಲ್ಲ. ಅದು ಕಲ್ಲೆಣ್ಣೆಯ ಸಂತಾನ. ಗಾಳಿಯನ್ನು ಹಿಡಿದಿಡುವುದರಲ್ಲಿ ಅದಕ್ಕೆ ಸಮನಿಲ್ಲ. ಮರದ ರಬ್ಬರಿನ ಮೂಲಕ ಸೋರಿಹೋಗುವ ಗಾಳಿಯಲ್ಲಿ ಹತ್ತನೆಯ ಒಂದು ಪಾಲು ಕೂಡ ಬ್ಯೂಟೈಲಿನ ಮೂಲಕ ಸೋರದು. ಲೇಟೆಕ್ಸ್ ಟ್ಯೂಬಿಗೆ ಸವಾರಿಗೆ ಮುಂಚೆ ಪ್ರತಿದಿನವೂ ಗಾಳಿ ತುಂಬಬೇಕು. ಬ್ಯೂಟೈಲ್ ಟ್ಯೂಬಿಗೆ ವಾರಗಟ್ಟಲೆ ಪಂಪಿನ ಹಂಗಿಲ್ಲ.

ಇನ್ನು ರಬ್ಬರು ಸಾಯುವ ಬಗೆ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕವನ್ನು ಬೆರಸಿ ಕಾಯಿಸುವ ಉಪಾಯವನ್ನು ಕಾಣುವ ತನಕ ರಬ್ಬರು ಬೇಸಗೆಯಲ್ಲಿ ಅಂಟಾಗಿ, ಚಳಿಯಲ್ಲಿ ಬಿರುಸಾಗಿ, ಯಾವ ಕೆಲಸಕ್ಕೂ ಒದಗದ ವಸ್ತುವಾಗಿತ್ತು. ಗಂಧಕವು ಸರಪಣಿಗಳ ನಡುವೆ ಕೊಂಡಿ ಹಾಕಿ ಅವು ಜಾರದಂತೆ ಕಟ್ಟುತ್ತದೆ. ಆದರೆ ಮರದ ರಬ್ಬರಿನ ಸರಪಣಿಯಲ್ಲಿ ಒಂದೊಂದು ಗೆಣ್ಣಿಗೂ ಒಂದೊಂದು ದುರ್ಬಲವಾದ ಜೋಡಿಬಂಧವಿರುತ್ತದೆ. ಗಂಧಕ ಮುಚ್ಚುವುದು ಅವುಗಳಲ್ಲಿ ಕೆಲವನ್ನು ಮಾತ್ರ. ಮಿಕ್ಕವೆಲ್ಲ ಗಾಳಿಯ ಆಮ್ಲಜನಕಕ್ಕೆ ತೆರೆದ ಬಾಗಿಲುಗಳೇ. ತನ್ನ ತೂಕದ ನೂರರಲ್ಲಿ ಒಂದು ಪಾಲಿನಷ್ಟು ಆಮ್ಲಜನಕವನ್ನು ಹೀರಿದರೆ ಸಾಕು, ರಬ್ಬರು ನಿರುಪಯುಕ್ತವಾಗುತ್ತದೆ. ಮೊದಲು ಸರಪಣಿಗಳು ಕಡಿದು ಮೇಣದಂತೆ ಅಂಟಾಗುತ್ತದೆ. ಮುಂದೆ ಬಿರುಸಾಗಿ ಒಡೆಯುತ್ತದೆ. ಬ್ಯೂಟೈಲಿನಲ್ಲಿ ಇಂತಹ ಬಾಗಿಲುಗಳು ನೂರಕ್ಕೆ ಒಂದರಿಂದ ಮೂರರಷ್ಟು ಮಾತ್ರ. ಅದು ದೀರ್ಘಾಯುವಾಗಿರುವುದಕ್ಕೆ ಕಾರಣವಿದು.

ಆಮ್ಲಜನಕಕ್ಕಿಂತಲೂ ಕ್ರೂರವಾದದ್ದು ಅದರ ಬಂಧುವಾದ ಓಜೋನ್. ಗಾಳಿಯಲ್ಲಿ ಹತ್ತು ಕೋಟಿಗೆ ಕೆಲವೇ ಭಾಗಗಳಷ್ಟಿದ್ದರೂ ಅದರ ಕೆಲಸ ನಡೆಯುತ್ತದೆ. ಅದಕ್ಕೊಂದು ವಿಚಿತ್ರ ನಿಯಮವಿದೆ: ಸಡಿಲವಾಗಿ ಬಿದ್ದಿರುವ ರಬ್ಬರನ್ನು ಅದು ಸೀಳುವುದಿಲ್ಲ, ಎಳೆತದಲ್ಲಿರುವ ರಬ್ಬರನ್ನು ಮಾತ್ರ ಸೀಳುತ್ತದೆ, ಅದೂ ಎಳೆತಕ್ಕೆ ಅಡ್ಡಲಾಗಿ. ಮೊಳೆಗೆ ತೂಗುಹಾಕಿದ ಟ್ಯೂಬನ್ನು ಈಗ ನೆನೆಯೋಣ. ಮೊಳೆಯ ಮೇಲೆ ಮಡಿಸಿಕೊಂಡ ಭಾಗ ತನ್ನ ಭಾರದಿಂದಲೇ ಹಿಗ್ಗಿರುತ್ತದೆ. ಮಡಿಕೆಯ ಹೊರಮೈ ಸದಾ ಎಳೆತದಲ್ಲಿರುತ್ತದೆ. ಅದರ ಮೇಲೆ ಬೆಳಕು, ಬಿಸಿ, ಎಲ್ಲ ಕಡೆಯಿಂದಲೂ ಗಾಳಿ. ಟೈರಿನೊಳಗಿನ ಟ್ಯೂಬಿಗಾದರೋ ಬೆಳಕಿಲ್ಲ. ಹೊರಗಿನ ಓಜೋನಿನ ಬಹುಭಾಗವನ್ನು ಟೈರೇ ನುಂಗಿಬಿಡುತ್ತದೆ. ಅಟ್ಟದ ಎರಡು ಟ್ಯೂಬುಗಳ ವಿಧಿ ಬೇರೆಬೇರೆಯಾದದ್ದು ಹೀಗೆ.

ಅಂದಮಾತ್ರಕ್ಕೆ ಟೈರಿನೊಳಗೆ ಸೇರಿದ ಟ್ಯೂಬು ಸುಖವಾಗಿರುತ್ತದೆ ಎಂದಲ್ಲ. ಅದರ ಶತ್ರುಗಳು ಬೇರೆ. ಸಾದಲಿಯ ಕಡೆಯ ಹಾದಿಗಳಲ್ಲಿ ನಡೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಜಾಲಿಯ ಜೋಡಿ ಬಿಳಿಮುಳ್ಳುಗಳು, ಕೆರೆಯಂಗಳಗಳನ್ನೆಲ್ಲ ಆಕ್ರಮಿಸಿಕೊಂಡಿರುವ ಬಳ್ಳಾರಿ ಜಾಲಿ, ಎಲ್ಲಕ್ಕಿಂತ ಮಿಗಿಲಾಗಿ ನೆಗ್ಗಿಲು. ನೆಗ್ಗಿಲಿನ ಕಾಯಿ ಒಣಗಿ ಐದು ಹೋಳಾಗಿ ಸಿಡಿಯುತ್ತದೆ. ಹೇಗೆ ಬಿದ್ದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಮಳೆ ನಿಂತು ಹುಲ್ಲು ಒಣಗುವ ಕಾಲದಲ್ಲಿ ಕಾಲುದಾರಿಯಲ್ಲಿ ಬಂದ ಬೈಸಿಕಲ್ಲಿಗೆ ಇದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ತೂತಿಗೆ ತೇಪೆ ಹಾಕಿ ಮುಳ್ಳನ್ನು ಟೈರಿನಲ್ಲೇ ಬಿಟ್ಟರೆ ಮತ್ತೆ ಅದೇ ಕಥೆ. ಆದುದರಿಂದಲೇ ನುರಿತ ರಿಪೇರಿಗಾರನು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆಗಳನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತನ್ನು ಟೈರಿನ ಒಳಮೈಯಲ್ಲಿ ಬೆರಳಾಡಿಸುವುದಕ್ಕೆ ಕೊಡುತ್ತಾನೆ.

ಮುಳ್ಳು ಮಾಡುವ ಗಾಯವನ್ನು ಉಪ್ಪುಕಾಗದ, ಸಲ್ಯೂಷನ್, ಹಳೆಯ ಟ್ಯೂಬಿನಿಂದ ಕತ್ತರಿಸಿದ ತೇಪೆ, ಇವು ಮಾಯಿಸುತ್ತವೆ. ಮಾಯದ ಗಾಯ ಇನ್ನೊಂದಿದೆ. ಗಾಳಿ ಕಡಿಮೆಯಿರುವ ಚಕ್ರದ ಮೇಲೆ ಭಾರ ಹೇರಿ ಕಲ್ಲಿನ ಮೇಲೆ ಹಾಯಿಸಿದಾಗ ಕಲ್ಲಿಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿ ಟ್ಯೂಬು ಎರಡು ಕಡೆ ಒಟ್ಟಿಗೇ ಸೀಳುತ್ತದೆ. ಹಾವು ಕಚ್ಚಿದ ಗುರುತಿನಂತೆ ಜೋಡಿಸೀಳು. ಅಲ್ಲದೆ ಗಾಳಿ ಕಡಿಮೆಯಾದ ಟ್ಯೂಬು ಟೈರಿನೊಳಗೆ ಸ್ವಲ್ಪಸ್ವಲ್ಪವಾಗಿ ಜರುಗುತ್ತ ಹೋಗಿ ವಾಲ್ವಿನ ಬುಡವನ್ನು ಹರಿಯುತ್ತದೆ. ನಲವತ್ತು ಲೀಟರಿನ ಹಾಲಿನ ಕ್ಯಾನನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋಗುತ್ತಿದ್ದವರ ಟ್ಯೂಬುಗಳು ಹೆಚ್ಚಾಗಿ ಸಾಯುತ್ತಿದ್ದುದು ಮುಳ್ಳಿನಿಂದಲ್ಲ, ಈ ಎರಡು ಬಗೆಗಳಿಂದ ಎಂದು ರಿಪೇರಿಯವರ ಹೇಳಿಕೆ. ನಮಗೂ ಇದು ನಿಜವಾಗಿ ತೋರುತ್ತದೆ. ಮರದ ರಬ್ಬರು ತಾನಾಗಿಯೇ ಗಾಳಿ ಬಿಡುವ ವಸ್ತುವಾದ್ದರಿಂದ, ಎರಡು ದಿನ ಪಂಪು ಹೊಡೆಯದಿದ್ದರೆ ಅದು ತನ್ನ ಸಾವಿಗೆ ತಾನೇ ಸಿದ್ಧವಾದಂತೆ.

ಈ ಸೀಮೆಯಲ್ಲಿ ಪಂಕ್ಚರು ಎಂಬುದು ಕೇವಲ ಬೇಸರದ ಸಂಗತಿಯಾಗಿರಲಿಲ್ಲ. ಶಿಡ್ಲಘಟ್ಟದ ಸುತ್ತಣ ಹಳ್ಳಿಗಳ ಜೀವಾಳ ರೇಷ್ಮೆ. 1959ರ ಕಾಯಿದೆಯ ಕಟ್ಟಳೆಯಂತೆ ಗೂಡುಗಳನ್ನು ಸರ್ಕಾರದ ಮಾರುಕಟ್ಟೆಗೆ ತಂದು ಹರಾಜಿನಲ್ಲಿ ಮಾರಬೇಕು. ಹುಳು ಗೂಡು ಕಟ್ಟತೊಡಗಿದ ಐದಾರು ದಿನಕ್ಕೆ ಬಿಡಿಸಿದರೆ ಒಳ್ಳೆಯದು. ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಗೂಡನ್ನು ಕೊರೆದು ಹೊರಬರುತ್ತದೆ, ಕೊರೆದ ಗೂಡಿನಿಂದ ನೂಲು ಬಿಚ್ಚಲಾಗದು. ಈ ನಡುವಣ ಕೆಲವೇ ದಿನಗಳಲ್ಲಿ ಗೂಡು ರೈತನ ಮನೆಯಿಂದ ಮಾರುಕಟ್ಟೆಗೂ ಅಲ್ಲಿಂದ ನೂಲು ಬಿಚ್ಚುವವರ ಒಲೆಗೂ ಸೇರಬೇಕು. ದಿನ ಕಳೆದಂತೆಲ್ಲ ಗೂಡಿನ ತೂಕವೂ ಇಳಿಯುತ್ತದೆ. ಲಾರಿ, ಟೆಂಪೋಗಳು ಹಳ್ಳಿಗಳನ್ನು ಮುಟ್ಟುವ ಮುನ್ನ ಹೂವಿನಷ್ಟು ಹಗುರವಾದ, ಆದರೆ ಆಳೆತ್ತರದ ಗೂಡಿನ ಚೀಲವನ್ನು ಬೈಸಿಕಲ್ಲಿಗೆ ಕಟ್ಟಿಕೊಂಡು ಬೆಳಗಿನ ಜಾವ ಹೊರಟವನಿಗೆ ಟ್ಯೂಬಿನ ಗುಣವೆಂದರೆ ಹರಾಜಿನ ಹೊತ್ತಿಗೆ ಮುಟ್ಟುವೆನೋ ಇಲ್ಲವೋ ಎಂಬ ಪ್ರಶ್ನೆಯೇ. ವರ್ಷದಲ್ಲಿ ಹಲವು ಬೆಳೆ ತೆಗೆಯುವ ಮನೆಯಲ್ಲಿ ಈ ಪ್ರಶ್ನೆ ವರ್ಷಕ್ಕೆ ಹಲವು ಬಾರಿ ಏಳುತ್ತಿತ್ತು. ಬೆಳೆ ಬೆಳೆಗೂ ನಡುವೆ ಸೊಪ್ಪಿನ ಹೊರೆ ಇದ್ದೇ ಇತ್ತು.

ಇಲ್ಲಿ ಒಂದು ಅತಿ ಸಣ್ಣ ವಸ್ತುವಿನ ಪ್ರಸ್ತಾಪ ಮಾಡದಿದ್ದರೆ ವಿಷಯ ಅಪೂರ್ಣವಾದೀತು. ಅದ್ದಿ ಮಾಡಿದ ಲೇಟೆಕ್ಸ್ ಟ್ಯೂಬು ಸಾದಲಿಯ ಅಂಗಡಿಗಳಲ್ಲಿ ಕಾಣುವಂಥದಲ್ಲವೆಂಬುದು ನಿಜ. ಆದರೆ ಮಸಿ ಸೇರದ, ಬಹುಮಟ್ಟಿಗೆ ಶುದ್ಧವಾದ ರಬ್ಬರಿನ ಒಂದು ಕಿರುಕೊಳವೆ ಊರಿನ ಪ್ರತಿಯೊಂದು ಬೈಸಿಕಲ್ಲಿನಲ್ಲಿಯೂ ಇತ್ತು. ಅದೇ ವಾಲ್‌ಟ್ಯೂಬು. ನಮ್ಮ ದೇಶದ ಸಾಮಾನ್ಯ ಬೈಸಿಕಲ್ಲಿನ ವಾಲ್ವಿನಲ್ಲಿ ಸ್ಪ್ರಿಂಗು ಇಲ್ಲ. ಹಿತ್ತಾಳೆಯ ಕಡ್ಡಿಯೊಂದರ ಪಕ್ಕದಲ್ಲಿ ಸಣ್ಣ ತೂತು, ಆ ತೂತನ್ನು ಮುಚ್ಚುವಂತೆ ಬಿಗಿಯಾಗಿ ತೊಡಿಸಿದ ಅಂಗುಲದಷ್ಟು ಉದ್ದದ ರಬ್ಬರ್ ಕೊಳವೆ. ಪಂಪಿನ ಒತ್ತಡಕ್ಕೆ ರಬ್ಬರು ಹಿಗ್ಗಿ ಗಾಳಿಯನ್ನು ಒಳಗೆ ಬಿಡುತ್ತದೆ. ಒತ್ತಡ ನಿಂತೊಡನೆ ತೂತನ್ನು ಬಿಗಿದಪ್ಪುತ್ತದೆ. ರಬ್ಬರಿಗೆ ಯಾವ ಯಾವ ಕಷ್ಟಗಳುಂಟೋ ಅವೆಲ್ಲವೂ ಈ ಅಂಗುಲದಲ್ಲಿ ಕಲೆತಿವೆ. ಅದು ತೆಳು; ತೊಡಿಸಿದ ಕ್ಷಣದಿಂದ ಎಳೆತದಲ್ಲಿರುತ್ತದೆ; ಪಂಪಿನ ಎಣ್ಣೆ ಗಾಳಿಯೊಡನೆ ಬಂದು ಅದನ್ನು ಉಬ್ಬಿಸುತ್ತದೆ; ಕಡ್ಡಿಯ ಮೇಲಣ ನಿಕಲ್ ಲೇಪ ಸವೆದ ಬಳಿಕ ಅದು ಹಿತ್ತಾಳೆಗೆ ನೇರವಾಗಿ ತಾಗಿರುತ್ತದೆ. ಹಿತ್ತಾಳೆಯಲ್ಲಿ ತಾಮ್ರವಿದೆ. ತಾಮ್ರದ ಅಂಶ ಲೇಶಮಾತ್ರ ಸೋಕಿದರೂ ಮರದ ರಬ್ಬರಿನ ಮೇಲೆ ಆಮ್ಲಜನಕದ ದಾಳಿ ಹಲವು ಪಟ್ಟು ತೀವ್ರವಾಗುತ್ತದೆ. ದೊಡ್ಡ ಟ್ಯೂಬು ವರ್ಷಗಟ್ಟಲೆ ಬಾಳುವಾಗ ವಾಲ್‌ಟ್ಯೂಬು ತಿಂಗಳುಗಳ ಲೆಕ್ಕದಲ್ಲಿ ಬದಲಾಗುತ್ತಿದ್ದುದು ಇದರಿಂದ. ಬೆಳಿಗ್ಗೆ ಎದ್ದು ನೋಡಿದರೆ ಚಕ್ರ ನೆಲಕ್ಕೆ ಅಂಟಿರುತ್ತಿತ್ತು. ಪಂಕ್ಚರೆಂದು ಬಗೆದು ಟೈರು ಬಿಚ್ಚಿಸಿದವರು ಅನೇಕರು. ಬಲ್ಲವನು ಮೊದಲು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ಗುಳ್ಳೆ ಏಳುವುದೋ ಎಂದು ನೋಡುತ್ತಿದ್ದ. ಲೇಟೆಕ್ಸ್ ಟ್ಯೂಬಿನ ಆಯುಷ್ಯವನ್ನು ಅಭ್ಯಸಿಸಬೇಕೆನ್ನುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭವಾದ ನಿದರ್ಶನ ಸಿಕ್ಕದು.

ಹಾಗಾದರೆ ಉಪಯೋಗಿಸದೆ ಇಟ್ಟ ಟ್ಯೂಬು ಎಷ್ಟು ವರ್ಷ ಬಾಳೀತು? ರಬ್ಬರ್ ವಸ್ತುಗಳ ಸಂಗ್ರಹವನ್ನು ಕುರಿತ ಅಂತರರಾಷ್ಟ್ರೀಯ ಮಾನಕವೊಂದಿದೆ. ಅದರ ಸಂಖ್ಯೆ ಐಎಸ್ಒ 2230. ಅದರ ಪ್ರಕಾರ ಮರದ ರಬ್ಬರಿನ ವಸ್ತುಗಳಿಗೆ 5 ವರ್ಷ; ಪರೀಕ್ಷಿಸಿ ಸರಿಯೆಂದು ಕಂಡರೆ ಮತ್ತೆ 2 ವರ್ಷ. ಬ್ಯೂಟೈಲಿಗೆ 7 ವರ್ಷ, ಅನಂತರ 3. ಇವು ಸಾವಿನ ತಾರೀಖುಗಳಲ್ಲ, ಭರವಸೆಯ ಮಿತಿಗಳು. ಚೆನ್ನಾಗಿ ಇಟ್ಟದ್ದು ಇವನ್ನು ಮೀರಿಯೂ ಬಾಳಬಲ್ಲದು. ಆದರೆ ಈ ಅಂಕೆಗಳ ಹಿಂದೆ ಷರತ್ತುಗಳಿವೆ: ಉಷ್ಣತೆ 25 ಡಿಗ್ರಿ ಸೆಂಟಿಗ್ರೇಡನ್ನು ಮೀರಕೂಡದು, ಬೆಳಕು ಬೀಳಕೂಡದು, ಓಜೋನನ್ನು ಹುಟ್ಟಿಸುವ ವಿದ್ಯುದ್ಯಂತ್ರಗಳು ಸಮೀಪದಲ್ಲಿರಕೂಡದು, ವಸ್ತು ಮಡಿಕೆಯಲ್ಲಿಯೂ ಎಳೆತದಲ್ಲಿಯೂ ಇರಕೂಡದು.

ಈ ಷರತ್ತುಗಳನ್ನು ಸಾದಲಿಯ ಮನೆಗೆ ಅನ್ವಯಿಸಿ ನೋಡೋಣ. ನಮ್ಮ ಪ್ರಸ್ಥಭೂಮಿಯ ವರ್ಷದ ಸರಾಸರಿ ಉಷ್ಣತೆ 25 ಡಿಗ್ರಿಗೆ ಬಹಳ ದೂರವಿಲ್ಲ. ಆದುದರಿಂದ ಚಿಂತೆಯಿಲ್ಲವೆಂದು ತೋರಬಹುದು. ಇಲ್ಲಿ ಸರಾಸರಿ ನಮ್ಮನ್ನು ವಂಚಿಸುತ್ತದೆ. ರಾಸಾಯನಿಕ ಕ್ರಿಯೆಗಳ ವೇಗ ಹತ್ತು ಡಿಗ್ರಿಗೆ ಸುಮಾರಾಗಿ ಇಮ್ಮಡಿಯಾಗುತ್ತದೆಂಬ ಸ್ಥೂಲನಿಯಮವನ್ನು ಒಪ್ಪಿದರೆ, ಹಗಲಿನ ಹನ್ನೆರಡು ಗಂಟೆ 40 ಡಿಗ್ರಿ, ಇರುಳಿನ ಹನ್ನೆರಡು ಗಂಟೆ 20 ಡಿಗ್ರಿಯಿರುವ ತಗಡಿನ ಮಾಡಿನ ಕೆಳಗೆ ಏನಾಗುತ್ತದೆ? 20 ಡಿಗ್ರಿಯಲ್ಲಿ ವೇಗವನ್ನು 1 ಎಂದು ಇಟ್ಟುಕೊಂಡರೆ 40ರಲ್ಲಿ ಅದು 4. ಎರಡರ ಸರಾಸರಿ ಎರಡೂವರೆ. ದಿನವಿಡೀ ಒಂದೇಸಮನೆ 30 ಡಿಗ್ರಿ ಇದ್ದಿದ್ದರೆ ವೇಗ 2 ಮಾತ್ರ ಆಗುತ್ತಿತ್ತು. ಉಷ್ಣತೆಯ ಸರಾಸರಿ ಎರಡು ಕಡೆಯೂ ಒಂದೇ, ಹಾನಿ ಮಾತ್ರ ಕಾಲುಪಾಲು ಹೆಚ್ಚು. ಮಧ್ಯಾಹ್ನದ ಕೆಲವು ಗಂಟೆಗಳು ಇರುಳಿನ ತಂಪನ್ನೆಲ್ಲ ತಿಂದುಹಾಕುತ್ತವೆ. ಆ ಲೆಕ್ಕದಲ್ಲಿ ಐದು ವರ್ಷದ ಭರವಸೆ ತಗಡಿನ ಕೆಳಗೆ ಮೂರು ವರ್ಷಕ್ಕೂ ನಿಲ್ಲದು. ಮಣ್ಣಿನ ಮಾಳಿಗೆಯ ಹಳೆಯ ಮನೆಯಲ್ಲಿ ಗೋಡೆಯ ಗೂಡಿನೊಳಗೆ ಇಟ್ಟ ಟ್ಯೂಬಿಗೂ ಜಿಂಕ್ ಶೀಟಿನ ಅಂಗಡಿಯಲ್ಲಿ ತೂಗಾಡಿದ ಟ್ಯೂಬಿಗೂ ಇರುವ ಅಂತರ ಇಷ್ಟು. ಹಳ್ಳಿಯ ಮಾಡು ಬದಲಾದದ್ದರಿಂದ ರಬ್ಬರಿನ ಆಯುಷ್ಯವೂ ಬದಲಾಯಿತೆಂಬುದು ನಮ್ಮ ಊಹೆ.

ಬಿಸಿಯಲ್ಲದೆ ಬೇರೆ ಸಹವಾಸದೋಷಗಳೂ ಉಂಟು. ರೇಷ್ಮೆ ಸಾಕುವವರು ಹುಳುಮನೆಯನ್ನು ಶುದ್ಧಿಮಾಡಲು ಬ್ಲೀಚಿಂಗ್ ಪೌಡರ್ ಬಳಸುತ್ತಾರೆ. ಅದರಿಂದ ಹೊರಡುವ ಕ್ಲೋರಿನ್ ರಬ್ಬರಿಗೆ ವಿಷ. ದ್ರಾಕ್ಷಿ ತೋಟದವರ ಮೂಲೆಯಲ್ಲಿ ಮೈಲುತುತ್ತ ಇರುತ್ತದೆ. ಅದು ತಾಮ್ರದ ಲವಣವೇ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಕಿಡಿಗಳು ಓಜೋನನ್ನು ಹುಟ್ಟಿಸುತ್ತವೆ, ಆ ಪೆಟ್ಟಿಗೆಯ ಮೇಲಣ ಮೊಳೆಯೋ ಟ್ಯೂಬು ತೂಗುಹಾಕಲು ಹೇಳಿ ಮಾಡಿಸಿದಂತಿರುತ್ತದೆ. ಸೀಮೆಎಣ್ಣೆಯ ಡಬ್ಬದ ಮಾತು ಹೇಳಲೇಬೇಕಾಗಿಲ್ಲ. ಟ್ಯೂಬನ್ನು ಕೆಡಿಸಬೇಕೆಂದು ಸಂಕಲ್ಪಿಸಿ ಸ್ಥಳ ಹುಡುಕಿದರೂ ರೈತನ ಸಾಮಾನು ಕೋಣೆಗಿಂತ ಅನುಕೂಲವಾದದ್ದು ಸಿಕ್ಕುವುದು ಕಷ್ಟ! ಇದಕ್ಕೆ ಪರಿಹಾರ ಖರ್ಚಿನದಲ್ಲ. ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ತುಂಬಿ, ಒಣಗಿದ ಫ್ರೆಂಚ್ ಚಾಕ್ ಸವರಿ, ಬಿಗಿಯಾಗಿ ಮಡಿಸದೆ, ಕಪ್ಪು ಚೀಲವೊಂದರಲ್ಲಿ ಬಾಯಿಕಟ್ಟಿ, ಮನೆಯ ಅತ್ಯಂತ ತಣ್ಣನೆಯ ಮೂಲೆಯಲ್ಲಿ ನೆಲಮಟ್ಟದಲ್ಲಿ ಇಟ್ಟರೆ ಸಾಕು.

ಈ ಗುಣವನ್ನು ಮನಸ್ಸಿನಲ್ಲಿಟ್ಟು ಎರಡನೆಯ ಮಹಾಯುದ್ಧದ ಕಾಲವನ್ನು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. 1942ರ ಫೆಬ್ರವರಿ 15ರಂದು ಸಿಂಗಪುರವೂ ಮಾರ್ಚಿಯಲ್ಲಿ ಜಾವವೂ ಜಪಾನೀಯರ ವಶವಾದವು. ಪ್ರಪಂಚಕ್ಕೆ ಬೇಕಾದ ಮರದ ರಬ್ಬರಿನ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಆ ಕಡೆಯಿಂದಲೇ ಬರುತ್ತಿತ್ತು. ಭಾರತದಲ್ಲಿ ತಿರುವಾಂಕೂರು, ಕೊಚ್ಚಿಗಳ ತೋಟಗಳಲ್ಲಿ ಮರಗಳನ್ನು ಮಿತಿಮೀರಿ ಗೀರಿ ಹಾಲು ತೆಗೆಯಲಾಯಿತು. ಅದರ ಬಹುಭಾಗ ಸೈನ್ಯದ ಟೈರುಗಳಿಗೆ. ಕೊರತೆಯ ಕಾಲದಲ್ಲಿ ಅಕ್ಕಿಯನ್ನು ಅಡಗಿಸಿಟ್ಟವರುಂಟು, ಬಟ್ಟೆಯನ್ನು ಅಡಗಿಸಿಟ್ಟವರುಂಟು, ಉಕ್ಕನ್ನಂತೂ ಎಷ್ಟು ಕಾಲವಾದರೂ ಅಡಗಿಸಿಡಬಹುದು. ಟ್ಯೂಬನ್ನು ಅಡಗಿಸಿಟ್ಟವನಿಗೆ ಕಾಲವೇ ಸುಂಕ ವಿಧಿಸುತ್ತಿತ್ತು. ಮೂರು ನಾಲ್ಕು ಬೇಸಗೆಗಳ ನಂತರ ಬೆಲೆ ಏರಿದರೂ ಮಾಲು ಉಳಿಯುತ್ತಿರಲಿಲ್ಲ. ರಬ್ಬರು ಕೆಡುವುದನ್ನು ತಡೆಯುವ ದ್ರವ್ಯಗಳನ್ನು ಬೆರಸುವ ಪದ್ಧತಿ 1920ರ ದಶಕದಲ್ಲಿಯೇ ಕೈಗಾರಿಕೆಗೆ ಬಂದಿತ್ತಾದರೂ, ಅದು ಸಾವನ್ನು ಮುಂದೂಡುತ್ತಿತ್ತೇ ಹೊರತು ತಪ್ಪಿಸುತ್ತಿರಲಿಲ್ಲ. ಯುದ್ಧಕಾಲದ ಬೈಸಿಕಲ್ ವ್ಯಾಪಾರದ ಲೆಕ್ಕಪುಸ್ತಕಗಳನ್ನು ಓದುವ ಸಂಶೋಧಕರು ಚೌಕಟ್ಟು, ಸರಪಣಿಗಳ ದಾಸ್ತಾನನ್ನೂ ಟ್ಯೂಬಿನ ದಾಸ್ತಾನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ನಮ್ಮ ಸೂಚನೆ.

ಇದು ಹಿಂದಿನ ಕಾಲದ ಮಾತು ಮಾತ್ರವೂ ಅಲ್ಲ. 2006-07ರಿಂದ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ವಿದ್ಯಾರ್ಥಿಗಳಿಗೆ ಉಚಿತವಾಗಿ ಬೈಸಿಕಲ್ಲುಗಳನ್ನು ಹಂಚಿತು. ಹಳ್ಳಿಯ ಹೆಣ್ಣುಮಕ್ಕಳು ಹೋಬಳಿಯ ಪ್ರೌಢಶಾಲೆಗೆ ಬರುವುದಕ್ಕೆ ಅದರಿಂದ ಆದ ಉಪಕಾರ ನಮ್ಮ ತರಗತಿಗಳಲ್ಲಿ ಕುಳಿತವರಿಂದಲೇ ನಾವು ಕೇಳಿದ್ದೇವೆ. ಅವರಲ್ಲೊಬ್ಬಳು ಹೇಳಿದ ಸಂಗತಿ ಇಲ್ಲಿ ಪ್ರಸ್ತುತ. ಏಪ್ರಿಲ್, ಮೇ ತಿಂಗಳುಗಳ ರಜೆಯಲ್ಲಿ ಬೈಸಿಕಲ್ಲು ಮನೆಯ ಮುಂದೆ ಬಿಸಿಲಿನಲ್ಲಿ ನಿಂತಿತ್ತು. ಮೊದಲ ವಾರದಲ್ಲಿಯೇ ಗಾಳಿ ಇಳಿಯಿತು. ಓಡಿಸುವವರಿಲ್ಲದ್ದರಿಂದ ಯಾರೂ ಪಂಪು ಹೊಡೆಯಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಗಾಳಿ ತುಂಬಿದರೆ ಟ್ಯೂಬು ರಿಮ್ಮಿನ ಅಡಿಯ ಮಡಿಕೆಯುದ್ದಕ್ಕೂ ಬಿರುಕುಬಿಟ್ಟಿತ್ತು. ಹೊಸ ಟ್ಯೂಬಿಗೆ ಮನೆಯಲ್ಲಿ ಹಣ ಒದಗುವವರೆಗೆ ಅವಳು ಶಾಲೆಗೆ ನಡೆದೇ ಹೋದಳು. ನಡೆಯಲಾಗದ ದಿನಗಳಲ್ಲಿ ಹೋಗಲಿಲ್ಲ. ಗಾಳಿಯಿಳಿದು ನಿಂತ ಚಕ್ರದಲ್ಲಿ ಬೈಸಿಕಲ್ಲಿನ ಭಾರವೆಲ್ಲ ಟ್ಯೂಬಿನ ಒಂದೇ ತಾವಿನ ಮೇಲೆ ಬೀಳುತ್ತದೆ. ಅಲ್ಲಿ ಅದು ಚಪ್ಪಟೆಯಾಗಿ, ಎರಡು ಅಂಚುಗಳಲ್ಲಿ ಮಡಿಸಿಕೊಂಡು, ಆ ಮಡಿಕೆಗಳು ಎಳೆತದಲ್ಲಿಯೇ ಎರಡು ತಿಂಗಳ ಬಿಸಿಲನ್ನು ಅನುಭವಿಸುತ್ತವೆ. ಹದಿನೈದು ದಿನಕ್ಕೊಮ್ಮೆ ಗಾಳಿ ಹೊಡೆದಿದ್ದರೆ, ಇಲ್ಲವೇ ಬೈಸಿಕಲ್ಲನ್ನು ನೆರಳಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದರೆ, ಆ ಟ್ಯೂಬು ಇನ್ನೊಂದು ವರ್ಷವಾದರೂ ಬಾಳುತ್ತಿತ್ತು. ಬೈಸಿಕಲ್ಲು ಕೊಡುವಾಗ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

ಅಟ್ಟದ ಬೈಸಿಕಲ್ಲನ್ನು ಮನೆಯವರು ನಮ್ಮ ವಿಭಾಗಕ್ಕೆ ಕೊಟ್ಟರು. ರಬ್ಬರನ್ನು ರಕ್ಷಿಸುವ ವಸ್ತುಸಂಗ್ರಹಾಲಯಗಳು ಅದನ್ನು ಆಮ್ಲಜನಕವನ್ನು ಹೀರುವ ಪೊಟ್ಟಣಗಳೊಡನೆ ಗಾಳಿಯಾಡದ ಚೀಲದಲ್ಲಿ ಮುಚ್ಚಿ ತಣ್ಣನೆಯ ಕತ್ತಲೆಯಲ್ಲಿ ಇಡುತ್ತವೆ. ನಮ್ಮಲ್ಲಿ ಅಷ್ಟು ಸಲಕರಣೆಯಿಲ್ಲ. ಮುಂಗಾಲಿಯ ಟ್ಯೂಬನ್ನು ಫ್ರೆಂಚ್ ಚಾಕ್ ಸವರಿ, ಅಗಲವಾದ ರಟ್ಟಿನ ಪೆಟ್ಟಿಗೆಯಲ್ಲಿ ವೃತ್ತಾಕಾರವಾಗಿ ಹರಡಿ, ಗ್ರಂಥಾಲಯದ ಕೆಳಗಿನ ಕಪಾಟಿನಲ್ಲಿ ಇಟ್ಟಿದ್ದೇವೆ. ಹಿತ್ತಾಳೆಯ ಬಿಲ್ಲೆಯನ್ನು ಬೇಕೆಂದೇ ಬೇರೆ ಪೆಟ್ಟಿಗೆಯಲ್ಲಿ ಇಡಲಾಗಿದೆ. ಮೊಳೆಯ ಮೇಲಿದ್ದ ಟ್ಯೂಬಿನ ಚೂರುಗಳನ್ನು ಒಂದು ಲಕೋಟೆಯಲ್ಲಿ ಸಂಗ್ರಹಿಸಿದ್ದೇವೆ. ತಯಾರಿಕೆಯ ಕಂಪನಿಯ ಹೆಸರಿದ್ದ ಭಾಗ ಪುಡಿಯಾಗಿಹೋಗಿದೆ. ಒಂದು ಚೂರಿನ ಮೇಲೆ ಮಾತ್ರ 28 × 1½ ಎಂಬ ಅಳತೆಯನ್ನು ಓದಬಹುದು.